ಲೈಸೆನ್ಸ್ ಕೈಯಲ್ಲಿದೆ, ಲಾರಿ ಎಲ್ಲಿದೆ?

‘ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು’ ಎಂಬ ಗಾದೆ ಎಲ್ಲರಿಗೂ ಗೊತ್ತು. ಡ್ರೈವಿಂಗ್ ಸ್ಕೂಲಿನಲ್ಲಿ ಭಾರಿ ವಾಹನ ಕಲಿತು, ಆರ್‌ಟಿಓ ಪರೀಕ್ಷೆ ಪಾಸಾಗಿ, ಹೊಸ ಲೈಸೆನ್ಸನ್ನು ಕಿಸೆಯಲ್ಲಿಟ್ಟುಕೊಂಡು ಮೊದಲ ಕೆಲಸ ಹುಡುಕುವ ಯುವಕನಿಗೆ ಈ ಗಾದೆ ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥವಾಗುತ್ತದೆ. ‘ಎಷ್ಟು ವರ್ಷ ಸರ್ವಿಸ್ ಉಂಟು?’ ಎಂಬುದು ಲಾರಿ ಮಾಲೀಕರು ಕೇಳುವ ಮೊದಲ ಪ್ರಶ್ನೆ. ಲಾರಿ ಕೊಟ್ಟರೆ ತಾನೆ ಸರ್ವಿಸ್ ಆಗುವುದು? ಸರ್ವಿಸ್ ಇಲ್ಲದವನಿಗೆ ಲಾರಿ ಕೊಡುವವರಿಲ್ಲ. ಇತ್ತ ಮಾಲೀಕರನ್ನು ಕೇಳಿದರೆ ಅವರದ್ದೂ ಒಂದು ದೂರು: ಒಳ್ಳೆಯ ಡ್ರೈವರುಗಳೇ ಸಿಗುತ್ತಿಲ್ಲ.

ಕೆಲಸಕ್ಕೆ ಜನ ಇಲ್ಲ, ಜನಕ್ಕೆ ಕೆಲಸ ಇಲ್ಲ ಎಂಬ ಈ ವಿಚಿತ್ರ ಹುಟ್ಟಿದ್ದು ಹೇಗೆ? ಹಿಂದಿನವರಿಗೆ ಮೊದಲ ಕೆಲಸ ಹೇಗೆ ಸಿಗುತ್ತಿತ್ತು? ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಮಂಗಳೂರು ನಗರದ ಪೂರ್ವದಂಚಿನ ಕುಲಶೇಖರದಂಥ ಊರಿನ ರಸ್ತೆಯ ಚರಿತ್ರೆಯನ್ನು ನೋಡಿದರೆ ಸಾಕು.

ಹೆದ್ದಾರಿಯ ಊರು

ಕುಲಶೇಖರ ಎಂಬ ಹೆಸರು ಕೇಳಿದೊಡನೆ ಇತಿಹಾಸ ಬಲ್ಲವರಿಗೆ ತುಳುನಾಡನ್ನು ಆಳಿದ ಆಳುಪ ದೊರೆ ಕುಲಶೇಖರ ಆಳುಪೇಂದ್ರನ ನೆನಪಾಗುತ್ತದೆ. ಊರಿನ ಕೊರ್ಡೆಲ್ ಹೋಲಿ ಕ್ರಾಸ್ ಇಗರ್ಜಿ 1873ರಷ್ಟು ಹಳೆಯದು. ಕುಂಬಾರಿಕೆಯನ್ನು ಕುಲಕಸುಬಾಗಿ ಮಾಡಿಕೊಂಡು ಬಂದ ಕುಲಾಲ ಸಮಾಜದ ವೀರನಾರಾಯಣ ದೇವಸ್ಥಾನವೂ ಇಲ್ಲಿದೆ. ಆದರೆ ಲಾರಿಯವರ ಮಟ್ಟಿಗೆ ಕುಲಶೇಖರವೆಂದರೆ ಮೂಡುಬಿದಿರೆ, ಕಾರ್ಕಳದ ಕಡೆಗೆ ಹೋಗುವ ಹೆದ್ದಾರಿ. ಒಂದು ಕಾಲಕ್ಕೆ ಇದು ಮಂಗಳೂರಿನಿಂದ ಸೊಲ್ಲಾಪುರದವರೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 13ರ ಆರಂಭದ ತುಂಡಾಗಿತ್ತು. 2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟಾಗ ಶಿವಮೊಗ್ಗದವರೆಗಿನ ಭಾಗಕ್ಕೆ 169 ಎಂಬ ಸಂಖ್ಯೆ ಬಂತು. ಹತ್ತಿರದ ನಂತೂರಿಗೆ ಹೋದರೆ ಕರಾವಳಿಯ ಹೆದ್ದಾರಿ. ಪಡೀಲಿನ ಕಡೆ ಹೋದರೆ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗುವ ಹೆದ್ದಾರಿ.

ಇಂಥ ಊರಿನ ಹುಡುಗರು ಸ್ಟೇರಿಂಗಿನ ಆಸೆ ಹಚ್ಚಿಕೊಂಡರೆ ಅಚ್ಚರಿಯಿಲ್ಲ. ನೆರೆಯ ಮರೋಳಿಯಲ್ಲಿ ಲಾರಿ, ಬಸ್ಸುಗಳಿಗೆ ಸ್ಪ್ರಿಂಗ್ ಪ್ಲೇಟು ತಯಾರಿಸಿ ಹೆಸರಾದ ಕೆನರಾ ವರ್ಕ್‌ಶಾಪ್ಸ್ ಇತ್ತು. ಕುಲಶೇಖರದಲ್ಲೇ ದಕ್ಷಿಣ ಕನ್ನಡ ಸಹಕಾರಿ ಹಾಲು ಒಕ್ಕೂಟದ ಡೇರಿ ಇದೆ. ವಾಹನವೇ ಇಲ್ಲಿನ ಬದುಕಿನ ಒಂದು ಭಾಗ.

ಹ್ಯಾಂಡಲ್ ಹೊಡೆಯುವ ಹುಡುಗ

ಮಂಗಳೂರಿನಲ್ಲಿ ಮೋಟಾರು ಸಾರಿಗೆ ಉದ್ಯಮವಾಗಿ ಬೇರೂರಿದ್ದು ಬಸ್ಸಿನ ಮೂಲಕ. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಅಂದರೆ ಜನರ ಬಾಯಲ್ಲಿನ ‘ಸಿಪಿಸಿ’, ಹುಟ್ಟಿಕೊಂಡಿತು. ಆ ಸಂಸ್ಥೆಯೊಂದಿಗೆ ಹೆಸರು ಬೆರೆತುಹೋದ ವಿ. ಎಸ್. ಕುಡ್ವರು ಮುಂದೆ 1943ರಲ್ಲಿ ಕೆನರಾ ವರ್ಕ್‌ಶಾಪ್ಸನ್ನೂ ಸ್ಥಾಪಿಸಿದರು. ಮೋಟಾರು ಓಡಿಸಲು ಲೈಸೆನ್ಸ್ ಬೇಕೆಂದು ಇಡೀ ಬ್ರಿಟಿಷ್ ಇಂಡಿಯಾಕ್ಕೆ ಅನ್ವಯವಾಗುವ ಮೊದಲ ಮೋಟಾರು ವಾಹನ ಕಾಯಿದೆ ಬಂದದ್ದೂ 1914ರಲ್ಲೇ. ಅಂದಿನ ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿತ್ತು. ನದಿ ಬಂದಲ್ಲೆಲ್ಲ ರಸ್ತೆ ನಿಲ್ಲುತ್ತಿತ್ತು. ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲ್ ಮೇಲೆ ಗಾಡಿ ದಾಟಿಸಬೇಕಿತ್ತು. ಕುಲಶೇಖರದಿಂದ ಮುಂದೆ ಗುರುಪುರ ಹೊಳೆಗೆ ಕಬ್ಬಿಣದ ಸೇತುವೆ ಆದದ್ದು 1923ರಲ್ಲಿ. ಅದರ ಪಕ್ಕದಲ್ಲಿ ಹೊಸ ಸೇತುವೆ ಸಂಚಾರಕ್ಕೆ ತೆರೆದುಕೊಳ್ಳಲು 2020ನೇ ಇಸವಿ ಬರಬೇಕಾಯಿತು.

ಆ ಕಾಲದ ಲಾರಿಯನ್ನು ಒಬ್ಬನೇ ನಡೆಸುವುದು ಸಾಧ್ಯವಿರಲಿಲ್ಲ. ಎಂಜಿನ್ ಎಚ್ಚರಗೊಳ್ಳಬೇಕಾದರೆ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುಗಿಸಬೇಕು. ಏರು ರಸ್ತೆಯಲ್ಲಿ ರೇಡಿಯೇಟರ್ ಕುದಿಯತೊಡಗಿದರೆ ಹಳ್ಳಕ್ಕೆ ಓಡಿ ನೀರು ತರಬೇಕು. ಬ್ರೇಕು ನಂಬುವಂತಿಲ್ಲ, ಲಾರಿ ಹಿಂದಕ್ಕೆ ಜಾರದಂತೆ ಚಕ್ರಕ್ಕೆ ಅಡ್ಡಗಲ್ಲು ಕೊಡಬೇಕು. ಎರಡನೇ ಮಹಾಯುದ್ಧದ ದಿನಗಳಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಇದ್ದಲಿನ ಗ್ಯಾಸಿನಿಂದ ವಾಹನ ಓಡಿಸುವ ಪದ್ಧತಿ ಬಂತು. ಗಾಡಿ ಹೊರಡುವ ಮೊದಲೇ ಒಲೆಯಂಥ ಡ್ರಮ್ಮಿಗೆ ಇದ್ದಲು ತುಂಬಿ, ಬೆಂಕಿ ಹೊತ್ತಿಸಿ, ಗಾಳಿ ಹಾಕುತ್ತ ನಿಲ್ಲುವ ಕೆಲಸವೂ ಸೇರಿಕೊಂಡಿತು. ಇದೆಲ್ಲವನ್ನೂ ಮಾಡುತ್ತಿದ್ದವನು ಕ್ಲೀನರ್. ಹೆಸರಿಗೆ ಗಾಡಿ ತೊಳೆಯುವವನು. ಕೆಲಸದಲ್ಲಿ ಲಾರಿಯ ಅರ್ಧ ಜೀವ.

ಈ ಕ್ಲೀನರನೇ ನಾಳಿನ ಡ್ರೈವರ್. ಅರ್ಜಿ, ಸಂದರ್ಶನ, ಸರ್ಟಿಫಿಕೇಟ್ ಯಾವುದೂ ಇರಲಿಲ್ಲ. ಊರಿನ ಡ್ರೈವರಣ್ಣನನ್ನು ತಂದೆಯೋ ಮಾವನೋ ಕಂಡು, ‘ಹುಡುಗ ಮನೆಯಲ್ಲಿ ಸುಮ್ಮನೆ ಇದ್ದಾನೆ ಮಾರಾಯ, ನಿನ್ನ ಜೊತೆ ಕರೆದುಕೊಂಡು ಹೋಗು’ ಎಂದರೆ ಅದೇ ಪ್ರವೇಶ ಪತ್ರ. 1939ರ ಮೋಟಾರು ವಾಹನ ಕಾಯಿದೆ ಸಾರಿಗೆ ವಾಹನ ಓಡಿಸುವವನಿಗೆ 20 ವರ್ಷ ತುಂಬಿರಬೇಕೆಂದು ಹೇಳಿತು. ಸಂಬಳಕ್ಕೆ ವಾಹನ ಓಡಿಸಬೇಕಾದರೆ ಲೈಸೆನ್ಸಿನಲ್ಲಿ ಅದಕ್ಕೆ ಪ್ರತ್ಯೇಕ ಅನುಮತಿ ಬೇಕೆಂಬ ಮಾತೂ ಅದರಲ್ಲಿತ್ತು. ಹದಿಹರೆಯದಲ್ಲಿ ಲಾರಿ ಹತ್ತಿದ ಹುಡುಗನಿಗೆ ಆ ವಯಸ್ಸು ಬರುವ ಹೊತ್ತಿಗೆ ಹಲವು ವರ್ಷಗಳ ರಸ್ತೆಯ ಅನುಭವ ಆಗಿರುತ್ತಿತ್ತು.

ಉಸ್ತಾದನ ಶಾಲೆ

ಆ ವರ್ಷಗಳಲ್ಲಿ ಅವನು ಕಲಿಯುತ್ತಿದ್ದುದೇನು? ಮೊದಲ ಪಾಠ ಲಾರಿಯನ್ನು ಕೇಳುವುದು. ಎಂಜಿನ್ ಶಬ್ದ ಬದಲಾದರೆ, ಚಕ್ರದ ಬಳಿ ಸುಟ್ಟ ವಾಸನೆ ಬಂದರೆ, ಗಾಡಿ ಒಂದು ಪಕ್ಕಕ್ಕೆ ಎಳೆದರೆ ಅದರ ಅರ್ಥವೇನೆಂದು ತಿಳಿಯುವುದು. ಎರಡನೆಯದು ಲೋಡು. ಮಂಗಳೂರಿನ ಹೆಂಚನ್ನೇ ತೆಗೆದುಕೊಳ್ಳಿ. 1865ರಲ್ಲಿ ಬಾಸೆಲ್ ಮಿಷನ್ ಆರಂಭಿಸಿದ ಹೆಂಚಿನ ಉದ್ಯಮದ ಸರಕು ಮೊದಲು ಹಾಯಿಹಡಗು, 1907ರಲ್ಲಿ ರೈಲು ಬಂದ ಮೇಲೆ ರೈಲು, ಆಮೇಲೆ ಲಾರಿ ಹೀಗೆ ಸಾಗಿತು. ಹೆಂಚನ್ನು ಒಂದಕ್ಕೊಂದು ಒತ್ತಿ ನಿಲ್ಲಿಸಿ, ನಡುವೆ ಹುಲ್ಲು ತುಂಬಿದರೆ ಮಾತ್ರ ಒಡೆಯದೆ ಊರು ಸೇರುತ್ತದೆ. ಮರದ ದಿಮ್ಮಿಯ ಭಾರವೇ ಬೇರೆ, ಮೀನಿನ ಅವಸರವೇ ಬೇರೆ, ಮುರಕಲ್ಲಿನ ಲೆಕ್ಕವೇ ಬೇರೆ. ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುವುದೇ ಒಂದು ವಿದ್ಯೆ. ಕರಾವಳಿಯ ಮಳೆಯಲ್ಲಿ ಒಂದು ಗಂಟು ಸಡಿಲಾದರೆ ಇಡೀ ಬಾಡಿಗೆ ನೀರುಪಾಲು.

ಮೂರನೆಯದು ಘಾಟಿ. ಕರಾವಳಿಯ ಸರಕು ಬಯಲುಸೀಮೆ ಸೇರಬೇಕಾದರೆ ಪಶ್ಚಿಮ ಘಟ್ಟ ಹತ್ತಲೇಬೇಕು, ಮರಳಿ ಬರುವಾಗ ಇಳಿಯಲೇಬೇಕು. ಹತ್ತಿಸುವುದಕ್ಕಿಂತ ಇಳಿಸುವುದೇ ಕಷ್ಟ. ತುಂಬಿದ ಲಾರಿಯನ್ನು ಬ್ರೇಕಿನ ಬಲದಿಂದಲೇ ಇಳಿಸಹೊರಟರೆ ಡ್ರಮ್ಮು ಕಾದು, ಲೈನರ್ ಹಿಡಿತ ಬಿಟ್ಟು, ಪೆಡಲ್ ತುಳಿದರೂ ಗಾಡಿ ನಿಲ್ಲುವುದಿಲ್ಲ. ಅದಕ್ಕೇ ಹಳೆಯ ಡ್ರೈವರುಗಳ ಸೂತ್ರ: ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಕೆಳಗಿನ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಹಿಡಿಯುತ್ತದೆ. ಬ್ರೇಕು ತಣ್ಣಗಿದ್ದು ಬೇಕಾದಾಗ ಕೆಲಸಕ್ಕೆ ಬರುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಇಳಿಸುವವನನ್ನು ಒಳ್ಳೆಯ ಉಸ್ತಾದರು ಪಕ್ಕಕ್ಕೂ ಸೇರಿಸುತ್ತಿರಲಿಲ್ಲ.

ಇಷ್ಟು ಆದ ಮೇಲೆ ಸ್ಟೇರಿಂಗ್. ಮೊದಲು ಯಾರ್ಡಿನಲ್ಲಿ ಗಾಡಿ ತಿರುಗಿಸುವುದು, ಆಮೇಲೆ ಬೆಳಗಿನ ಜಾವದ ಖಾಲಿ ರಸ್ತೆಯಲ್ಲಿ ಖಾಲಿ ಲಾರಿ, ಕೊನೆಗೆ ಲೋಡು. ಕಲಿಯುವವರ ಲೈಸೆನ್ಸ್ ಕೂಡ ಇಲ್ಲದೆ ಎಷ್ಟೋ ಬಾರಿ ಇದು ನಡೆಯುತ್ತಿತ್ತು. ಕಾನೂನಿನ ಕಣ್ಣಿಗೆ ಇದು ಅಪರಾಧವೇ. ಆದರೆ ಡ್ರೈವರ್ ಒಂದು ದಿನ ಮಾಲೀಕನ ಬಳಿ ಹೋಗಿ ‘ಹುಡುಗ ತಯಾರಾಗಿದ್ದಾನೆ’ ಎಂದು ಹೇಳಿದರೆ ಆ ಮಾತಿಗೆ ಬೆಲೆ ಇತ್ತು. ಮಾಲೀಕ ಲಾರಿ ಕೊಡುತ್ತಿದ್ದುದು ಹುಡುಗನ ಲೈಸೆನ್ಸ್ ನೋಡಿ ಅಲ್ಲ. ತಾನು ನಂಬಿದ ಡ್ರೈವರನ ಬಾಯಿಮಾತು ನಂಬಿ. ಮೊದಲ ಕೆಲಸದ ಗುಟ್ಟು ಇಲ್ಲೇ ಇದ್ದದ್ದು.

ಈ ಪದ್ಧತಿಯನ್ನು ಹೊಗಳಿ ಹಾಡಬೇಕಾಗಿಲ್ಲ. ಕ್ಲೀನರನಿಗೆ ಊಟ, ಚಾ, ಕೈಗೆ ಒಂದಿಷ್ಟು ಬಾಟಾ ಬಿಟ್ಟರೆ ಸರಿಯಾದ ಸಂಬಳ ಇರುತ್ತಿರಲಿಲ್ಲ. ಬೈಗಳು, ಹೊಡೆತ, ನಿದ್ದೆಗೇಡು ಸಾಮಾನ್ಯ. ಶಾಲೆ ಬಿಟ್ಟ ಮಕ್ಕಳು ಲಾರಿಯಲ್ಲೇ ಬೆಳೆದು ದೊಡ್ಡವರಾಗುತ್ತಿದ್ದರು. ಕೆಟ್ಟ ಉಸ್ತಾದನ ಕೈಗೆ ಸಿಕ್ಕವನು ಕೆಟ್ಟ ಚಟವನ್ನೇ ಕಲಿತು ಬರುತ್ತಿದ್ದ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ಕ್ಲೀನರನನ್ನೂ ಕೆಲಸಗಾರನೆಂದು ಒಪ್ಪಿಕೊಂಡು, ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಹಾಕಿತು. ಮಕ್ಕಳನ್ನು ಕೆಲಸಕ್ಕಿಡುವುದನ್ನು ನಿಷೇಧಿಸಿತು. ಆದರೆ ಐದು ಮಂದಿಗಿಂತ ಕಡಿಮೆ ಕೆಲಸಗಾರರಿರುವ ಕಡೆಗೆ ಆ ಕಾಯಿದೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ದೇಶದ ಲಾರಿಗಳಲ್ಲಿ ಬಹುಪಾಲು ಒಂದೆರಡು ಲಾರಿ ಇಟ್ಟುಕೊಂಡ ಸಣ್ಣ ಮಾಲೀಕರದ್ದು. ಹೀಗಾಗಿ ಕಾಯಿದೆ ಕಾಗದದಲ್ಲಿ ಉಳಿಯಿತು, ಕ್ಲೀನರ್ ರಸ್ತೆಯಲ್ಲಿ ಉಳಿದ.

ಎರಡನೇ ಡ್ರೈವರನ ಸೀಟು

ಮಂಗಳೂರಿನ ಲಾರಿ ವ್ಯವಹಾರ ದೊಡ್ಡದಾದದ್ದು 1970ರ ದಶಕದಲ್ಲಿ. ಪಣಂಬೂರಿನ ನವಮಂಗಳೂರು ಬಂದರನ್ನು 1974ರಲ್ಲಿ ಪ್ರಮುಖ ಬಂದರೆಂದು ಘೋಷಿಸಲಾಯಿತು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು. ಬಂದರಿನ ಹಿಂದೆಯೇ ರಸಗೊಬ್ಬರ ಕಾರ್ಖಾನೆ, ಬೈಕಂಪಾಡಿಯ ಕೈಗಾರಿಕೆಗಳು, ಮುಂದೆ 1990ರ ದಶಕದಲ್ಲಿ ತೈಲ ಶುದ್ಧೀಕರಣಾಗಾರ ಬಂದವು. 1969ರ ರಾಷ್ಟ್ರೀಕರಣದ ನಂತರ ಬ್ಯಾಂಕುಗಳು ಸಣ್ಣ ಸಾರಿಗೆ ಉದ್ಯಮಿಗಳನ್ನು ಆದ್ಯತಾ ವಲಯಕ್ಕೆ ಸೇರಿಸಿಕೊಂಡು ಸಾಲ ಕೊಡತೊಡಗಿದ್ದರಿಂದ ಡ್ರೈವರನೇ ಮಾಲೀಕನಾಗುವುದೂ ಸಾಧ್ಯವಾಯಿತು. ಗದಗಿನಲ್ಲಿ ವಿಜಯ ಸಂಕೇಶ್ವರ ಅವರು ಒಂದೇ ಒಂದು ಲಾರಿಯಿಂದ ಸಾರಿಗೆ ಉದ್ಯಮ ಆರಂಭಿಸಿದ್ದು 1976ರಲ್ಲಿ. ಒಂದು ಲಾರಿಯಿಂದ ಏನೆಲ್ಲ ಆಗಬಹುದು ಎಂಬುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಇಲ್ಲ.

1975ರಲ್ಲೇ ರಾಷ್ಟ್ರೀಯ ಪರ್ಮಿಟ್ ಯೋಜನೆಯೂ ಬಂತು. ಅದುವರೆಗೆ ರಾಜ್ಯದ ಗಡಿ ದಾಟುವುದೇ ಒಂದು ತಲೆನೋವಾಗಿದ್ದ ಲಾರಿಗಳು ದೂರದೂರದ ಲೈನಿಗೆ ಹೊರಟವು. ದೂರದ ಲೈನಿಗೆ ಒಬ್ಬ ಡ್ರೈವರ್ ಸಾಲದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಈ ಬಗ್ಗೆ ಸ್ಪಷ್ಟ ಮಾತಿತ್ತು: ರಾಷ್ಟ್ರೀಯ ಪರ್ಮಿಟ್ ಇರುವ ಲಾರಿಯಲ್ಲಿ ಕನಿಷ್ಠ ಇಬ್ಬರು ಡ್ರೈವರುಗಳಿರಬೇಕು, ಡ್ರೈವರನ ಸೀಟಿನ ಹಿಂದೆ ಇನ್ನೊಬ್ಬ ಡ್ರೈವರ್ ಕಾಲು ಚಾಚಿ ಮಲಗುವಷ್ಟು ಉದ್ದದ ಸೀಟಿರಬೇಕು.

ಹೊಸಬನ ಪಾಲಿಗೆ ಈ ನಿಯಮ ವರವಾಗಿತ್ತು ಎನ್ನಲಡ್ಡಿಯಿಲ್ಲ. ಕ್ಲೀನರನಾಗಿದ್ದವನು ಲೈಸೆನ್ಸ್ ಸಿಕ್ಕಿದೊಡನೆ ಎರಡನೇ ಡ್ರೈವರ್ ಆಗುತ್ತಿದ್ದ. ಹಗಲಿನ ನೇರ ರಸ್ತೆ ಅವನಿಗೆ, ಘಾಟಿ ಮತ್ತು ನಗರ ಹಿರಿಯನಿಗೆ. ತಪ್ಪು ಮಾಡಿದರೆ ತಿದ್ದುವವನು ಪಕ್ಕದಲ್ಲೇ ಇರುತ್ತಿದ್ದ. ಎಲ್ಲ ಮಾಲೀಕರೂ ನಿಯಮ ಪಾಲಿಸಿದರೆಂದಲ್ಲ. ಎಷ್ಟೋ ಲಾರಿಗಳಲ್ಲಿ ಎರಡನೇ ಡ್ರೈವರ್ ಎಂದರೆ ಲೈಸೆನ್ಸ್ ಇದ್ದ ಕ್ಲೀನರನೇ ಆಗಿದ್ದ. ಹಾಗಿದ್ದರೂ ಕಾನೂನಿನ ಬೆಂಬಲವಿದ್ದ ಒಂದು ಸೀಟು ಅವನಿಗಿತ್ತು.

ಈ ವ್ಯವಸ್ಥೆಗೆ ಕೆಲಸವೂ ಧಾರಾಳವಾಗಿ ಸಿಕ್ಕಿತು. 1979ರಲ್ಲಿ ಪೂರ್ಣಗೊಂಡ ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗವನ್ನು ಗೇಜ್ ಪರಿವರ್ತನೆಗಾಗಿ 1996ರಲ್ಲಿ ನಿಲ್ಲಿಸಲಾಯಿತು. ಸರಕು ರೈಲು ಮತ್ತೆ ಓಡಿದ್ದು 2006ರಲ್ಲಿ. ಆ ಹತ್ತು ವರ್ಷ ಬಂದರಿಗೂ ಬಯಲುಸೀಮೆಗೂ ನಡುವಿನ ಭಾರವನ್ನು ಘಟ್ಟದ ರಸ್ತೆಗಳೇ ಹೊತ್ತವು. ಅದೇ ಹೊತ್ತಿಗೆ ಬಳ್ಳಾರಿ, ಹೊಸಪೇಟೆ ಕಡೆಯ ಕಬ್ಬಿಣದ ಅದಿರಿಗೆ ವಿದೇಶದಲ್ಲಿ ಬೇಡಿಕೆ ಏರಿ, ಅದಿರಿನ ಲಾರಿಗಳು ಸಾಲುಗಟ್ಟಿ ಮಂಗಳೂರಿನತ್ತ ಬಂದವು. ಸ್ಟೇರಿಂಗ್ ಹಿಡಿಯಬಲ್ಲವನಿಗೆ ಅಂದು ಕೆಲಸವಿಲ್ಲ ಎಂಬ ಮಾತೇ ಇರಲಿಲ್ಲ. 2010ರ ಜುಲೈಯಲ್ಲಿ ರಾಜ್ಯ ಸರಕಾರ ಬಂದರುಗಳ ಮೂಲಕ ಅದಿರು ರಫ್ತನ್ನು ನಿಷೇಧಿಸಿತು. ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಹಿಡಿಯಿತು. ಸಾಲ ಮಾಡಿ ಕೊಂಡ ಲಾರಿಗಳು ನಿಂತವು. ಅನುಭವಿ ಡ್ರೈವರುಗಳೇ ಕೆಲಸ ಹುಡುಕುತ್ತಿರುವಾಗ ಹೊಸಬನನ್ನು ಕೇಳುವವರು ಯಾರು?

ಕ್ಲೀನರ್ ಇಳಿದುಹೋದ ಬಗೆ

ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆದಿತ್ತು. ಕ್ಲೀನರನ ಕೆಲಸಗಳು ಒಂದೊಂದಾಗಿ ಇಲ್ಲವಾದವು. ಸೆಲ್ಫ್ ಸ್ಟಾರ್ಟರ್ ಬಂದು ಹ್ಯಾಂಡಲ್ ಹೋಯಿತು. ಏರ್ ಬ್ರೇಕು, ಪಾರ್ಕಿಂಗ್ ಬ್ರೇಕು ಬಂದು ಅಡ್ಡಗಲ್ಲು ಹೋಯಿತು. ಪವರ್ ಸ್ಟೇರಿಂಗ್ ಬಂದು ಇಬ್ಬರ ತೋಳಬಲ ಬೇಡವಾಯಿತು. ರೇಡಿಯಲ್, ಟ್ಯೂಬ್‌ಲೆಸ್ ಟಯರುಗಳು ಬಂದು ನಡುದಾರಿಯ ಪಂಕ್ಚರ್ ಕಡಿಮೆಯಾಯಿತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳ ತೆರಿಗೆ ಚೆಕ್‌ಪೋಸ್ಟುಗಳು ಹೋದವು. ಕಾಗದದ ಕಟ್ಟು ಹಿಡಿದು ಕಿಟಕಿಯಿಂದ ಕಿಟಕಿಗೆ ಓಡುವ ಕೆಲಸ ಇಲ್ಲದಾಯಿತು. 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಟೋಲ್‌ನಲ್ಲಿ ಚಿಲ್ಲರೆ ಎಣಿಸುವವನೂ ಬೇಡವಾದ. ದಾರಿ ಕೇಳಲು ಮೊಬೈಲ್ ಇದೆ.

ಮಾಲೀಕನ ಲೆಕ್ಕ ಸರಳ: ಕೆಲಸವಿಲ್ಲದವನಿಗೆ ಊಟ, ಬಾಟಾ ಏಕೆ? ಹೀಗೆ ಲಾರಿಗಳಿಂದ ಕ್ಲೀನರ್ ಇಳಿದ. ಇದರ ಬೆನ್ನಿಗೇ 2018ರಲ್ಲಿ ಕೇಂದ್ರ ಸರಕಾರ ನಿಯಮಗಳನ್ನು ತಿದ್ದಿ, ರಾಷ್ಟ್ರೀಯ ಪರ್ಮಿಟ್ ಲಾರಿಗಳಲ್ಲಿ ಇಬ್ಬರು ಡ್ರೈವರುಗಳಿರಬೇಕೆಂಬ ಕಡ್ಡಾಯವನ್ನು ತೆಗೆದುಹಾಕಿತು. ಸಾಗಾಟದ ಖರ್ಚು ಕಡಿಮೆಯಾಗಲೆಂಬುದು ಇದರ ಉದ್ದೇಶ. ಆದರೆ ಅದರೊಂದಿಗೆ ಹೊಸಬ ಕುಳಿತು ಕಲಿಯುತ್ತಿದ್ದ ಸೀಟೂ ಹೋಯಿತು. ಕ್ಲೀನರ್, ಎರಡನೇ ಡ್ರೈವರ್, ಡ್ರೈವರ್ ಎಂಬ ಮೂರು ಮೆಟ್ಟಿಲುಗಳಲ್ಲಿ ಕೆಳಗಿನ ಎರಡು ಮುರಿದುಬಿದ್ದವು. ಮೇಲಿನ ಮೆಟ್ಟಿಲು ಮಾತ್ರ ಇದ್ದಲ್ಲೇ ಇದೆ. ಅದಕ್ಕೆ ಕಾಲು ಎಟುಕುವುದಿಲ್ಲ.

ಹದಿನೈದು ಗಂಟೆಯ ವಿದ್ಯೆ

ಮುರಿದ ಮೆಟ್ಟಿಲಿನ ಜಾಗದಲ್ಲಿ ಡ್ರೈವಿಂಗ್ ಸ್ಕೂಲ್ ನಿಂತಿದೆ. 1989ರ ಜುಲೈಯಲ್ಲಿ ಜಾರಿಗೆ ಬಂದ 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷವಾದರೂ ಆಗಿರದಿದ್ದರೆ ಲಾರಿ, ಬಸ್ಸಿನ ಕಲಿಕೆಯ ಲೈಸೆನ್ಸ್ ಸಿಗದು. ಸಾರಿಗೆ ವಾಹನಕ್ಕೆ 20 ವರ್ಷದ ಮಿತಿ ಹಾಗೆಯೇ ಇದೆ. ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ಕೈಬಿಡಲಾಯಿತು. ಭಾರಿ ವಾಹನ ಕಲಿಸುವ ಶಾಲೆ ಕನಿಷ್ಠ 15 ಗಂಟೆ ಗಾಡಿ ಓಡಿಸಲು ಕೊಡಬೇಕೆಂದು ನಿಯಮಗಳು ಹೇಳುತ್ತವೆ. 2021ರಲ್ಲಿ ಬಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ಯೋಜನೆಯಲ್ಲಿ ಇದು ಆರು ವಾರಗಳ, 38 ಗಂಟೆಗಳ ಪಾಠವಾಗಿದೆ. ಸಿಮ್ಯುಲೇಟರ್ ಕೂಡ ಉಂಟು.

ಪಾಠಪಟ್ಟಿಯಲ್ಲಿ ಕೊರತೆ ಇಲ್ಲ. ಸಂಜ್ಞೆಗಳು, ಎಂಜಿನ್ನಿನ ರಚನೆ, ಪ್ರಥಮ ಚಿಕಿತ್ಸೆ ಎಲ್ಲವೂ ಇವೆ. ಆದರೆ ಖಾಲಿ ಗಾಡಿಯಲ್ಲಿ ಬಯಲಿನಲ್ಲಿ ಕಲಿತದ್ದಕ್ಕೂ ತುಂಬಿದ ಗಾಡಿಯನ್ನು ಆಷಾಢದ ಮಳೆಯಲ್ಲಿ ಶಿರಾಡಿ ಇಳಿಸುವುದಕ್ಕೂ ಇರುವ ಅಂತರವನ್ನು 15 ಗಂಟೆಗಳು ತುಂಬಲಾರವು, 38 ಗಂಟೆಗಳೂ ತುಂಬಲಾರವು. ಹಳೆಯ ಪದ್ಧತಿಯಲ್ಲಿ ಕಲಿಕೆ ಮತ್ತು ಶಿಫಾರಸು ಒಂದೇ ಕಡೆ ಸಿಗುತ್ತಿದ್ದವು: ಕಲಿಸಿದವನೇ ಕೆಲಸ ಕೊಡಿಸುತ್ತಿದ್ದ. ಈಗ ಶಾಲೆ ಲೈಸೆನ್ಸ್ ಕೊಡಿಸಿ ಕೈತೊಳೆದುಕೊಳ್ಳುತ್ತದೆ. ‘ಹುಡುಗ ತಯಾರಾಗಿದ್ದಾನೆ’ ಎಂದು ಮಾಲೀಕನಿಗೆ ಹೇಳುವವರು ಇಲ್ಲ.

ಮಾಲೀಕನ ಭಯವೂ ಸುಳ್ಳಲ್ಲ. ಹೊಸ ಲಾರಿಯೊಂದರ ಬೆಲೆ ಹಲವು ಲಕ್ಷ. ಅದರ ಮೇಲೆ ಸಾಲದ ಕಂತು. ಅಪಘಾತವಾದರೆ ವಿಮೆ ಬಂದರೂ ಲಾರಿ ಗ್ಯಾರೇಜಿನಲ್ಲಿ ನಿಂತ ದಿನಗಳ ನಷ್ಟ ತುಂಬಿಕೊಡುವವರಿಲ್ಲ. ಮಂಗಳೂರಿನ ಲಾರಿಗಳು ಒಯ್ಯುವ ಸರಕಾದರೂ ಎಂಥದ್ದು? 2013ರ ಏಪ್ರಿಲ್‌ನಲ್ಲಿ ಬಂಟ್ವಾಳ ತಾಲೂಕಿನ ಪೆರ್ನೆಯಲ್ಲಿ ಅಡುಗೆ ಅನಿಲದ ಬುಲೆಟ್ ಟ್ಯಾಂಕರ್ ಮಗುಚಿ ಬೆಂಕಿ ಹೊತ್ತಿಕೊಂಡು ಹಲವರು ಪ್ರಾಣ ಕಳೆದುಕೊಂಡದ್ದನ್ನು ಜಿಲ್ಲೆ ಮರೆತಿಲ್ಲ. ಅಪಾಯಕಾರಿ ಸರಕು ಒಯ್ಯುವವನಿಗೆ ಪ್ರತ್ಯೇಕ ತರಬೇತಿಯ ಪತ್ರ ಬೇಕೆಂಬ ನಿಯಮ ಇರುವುದು ಇದೇ ಕಾರಣಕ್ಕೆ. ಹೊಸಬನಿಗೆ ಕೆಲಸ ಕೊಡುವುದೆಂದರೆ ಅವನ ಜೀವ, ಎದುರಿನಿಂದ ಬರುವವರ ಜೀವ ಎರಡನ್ನೂ ಒಂದು ನಂಬಿಕೆಯ ಮೇಲೆ ಇಡುವುದು.

ಹೊರಗಿನವರು ಮಾಡಿದ್ದೇನು?

ಇದು ಕುಲಶೇಖರದ ಹುಡುಗನೊಬ್ಬನ ಸಮಸ್ಯೆ ಅಲ್ಲ. ಅಮೆರಿಕದಲ್ಲಿ ಲಾರಿ ಶಾಲೆಯಿಂದ ಹೊರಬಂದವನಿಗೂ ಇದೇ ಗೋಡೆ ಎದುರಾಗುತ್ತದೆ. ಅನುಭವವಿಲ್ಲದವನನ್ನು ಇಟ್ಟುಕೊಳ್ಳಲು ಸಣ್ಣ ಕಂಪನಿಗಳು ಹಿಂಜರಿಯುತ್ತವೆ. ಅಲ್ಲಿನ ದೊಡ್ಡ ಕಂಪನಿಗಳು ಇದಕ್ಕೊಂದು ದಾರಿ ಮಾಡಿಕೊಂಡಿವೆ: ಹೊಸಬನನ್ನು ಕೆಲವು ವಾರ ಸಂಬಳ ಕೊಟ್ಟು ತರಬೇತುದಾರ ಡ್ರೈವರನ ಜೊತೆ ಕಳುಹಿಸುತ್ತವೆ. ಜರ್ಮನಿಯಲ್ಲಿ 2001ರಿಂದ ವೃತ್ತಿಪರ ಚಾಲಕನ ಕೆಲಸ ಮೂರು ವರ್ಷಗಳ ಅಪ್ರೆಂಟಿಸ್ ಶಿಕ್ಷಣವೇ ಆಗಿದೆ. ಬಡಗಿ, ಫಿಟ್ಟರ್ ಕೆಲಸ ಕಲಿಯುವವನಂತೆ ಅಲ್ಲಿನ ಯುವಕ ಕಂಪನಿಯಲ್ಲಿ ದುಡಿಯುತ್ತಲೇ ಶಾಲೆಗೂ ಹೋಗುತ್ತಾನೆ. ಸ್ವಲ್ಪ ಯೋಚಿಸಿದರೆ ಇದು ಉಸ್ತಾದನ ಶಾಲೆಯೇ. ಬೈಗಳು, ಹೊಡೆತ ತೆಗೆದು ಸಂಬಳ, ಪಠ್ಯ, ಪರೀಕ್ಷೆ ಸೇರಿಸಿದ್ದಾರೆ ಅಷ್ಟೆ. ಭಾರತದಲ್ಲೂ ಅಪ್ರೆಂಟಿಸ್ ಕಾಯಿದೆ ಬಂದದ್ದು 1961ರಲ್ಲಿ, ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ಬಂದ ವರ್ಷವೇ. ಕಾರ್ಖಾನೆಯ ಹುಡುಗನಿಗೆ ಅದರಿಂದ ಒಂದು ಸ್ಥಾನ ಸಿಕ್ಕಿತು. ಲಾರಿಯ ಹುಡುಗ ಮಾತ್ರ ಕ್ಲೀನರನಾಗಿಯೇ ಉಳಿದ.

ಉಳಿದಿರುವ ದಾರಿ

ಹಾಗಾದರೆ ಹೊಸ ಲೈಸೆನ್ಸಿನವನಿಗೆ ದಾರಿಯೇ ಇಲ್ಲವೆ? ಇದೆ, ಸ್ವಲ್ಪ ಸುತ್ತುದಾರಿ. 1980ರ ದಶಕದಲ್ಲಿ ಟಾಟಾ 407ರಂಥ ಮಧ್ಯಮ ಗಾತ್ರದ ಗಾಡಿಗಳು, 2005ರಲ್ಲಿ ‘ಛೋಟಾ ಹಾಥಿ’ ಎಂದು ಹೆಸರಾದ ಟಾಟಾ ಏಸ್ ಬಂದ ಮೇಲೆ ಸರಕು ಸಾಗಾಟಕ್ಕೆ ಒಂದು ಸಣ್ಣ ಮೆಟ್ಟಿಲು ಹುಟ್ಟಿಕೊಂಡಿತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಲಘು ವಾಹನದ ಲೈಸೆನ್ಸ್ ಇದ್ದವನು 7,500 ಕಿಲೋಗ್ರಾಂ ಒಟ್ಟು ತೂಕದೊಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು, ಅದಕ್ಕೆ ಬೇರೆ ಅನುಮತಿ ಬೇಡ ಎಂದು ಹೇಳಿದ್ದರಿಂದ ಈ ಮೆಟ್ಟಿಲು ಇನ್ನಷ್ಟು ಗಟ್ಟಿಯಾಯಿತು.

ಮಂಗಳೂರಿನಂಥ ನಗರದಲ್ಲಿ ಇಂಥ ಕೆಲಸಗಳು ನಸುಕಿನಲ್ಲೇ ಆರಂಭವಾಗುತ್ತವೆ. ಹಾಲಿನ ವ್ಯಾನು, ತರಕಾರಿ, ಮೀನು, ಅಂಗಡಿಗಳಿಗೆ ಸಾಮಾನು, ಕಟ್ಟಡದ ಕೆಲಸಕ್ಕೆ ಮುರಕಲ್ಲು. ಗಾಡಿ ಚಿಕ್ಕದು, ದಾರಿ ಪರಿಚಯದ್ದು, ರಾತ್ರಿ ಮನೆ ಸೇರಬಹುದು. ಆದರೆ ಸಮಯಕ್ಕೆ ಸರಿಯಾಗಿ ಬರುವುದು, ಲೋಡು ಎಣಿಸಿ ಇಳಿಸುವುದು, ಇಕ್ಕಟ್ಟಿನ ಓಣಿಯಲ್ಲಿ ರಿವರ್ಸ್ ತೆಗೆಯುವುದು, ಗಾಡಿಗೆ ಗೀರು ಬೀಳದಂತೆ ನೋಡಿಕೊಳ್ಳುವುದು ಇಲ್ಲೇ ಅಭ್ಯಾಸವಾಗಬೇಕು. ಒಂದೆರಡು ವರ್ಷ ಹೀಗೆ ಓಡಿಸಿದವನ ಬಗ್ಗೆ ಊರಿನಲ್ಲಿ ಒಂದು ಮಾತು ಹುಟ್ಟುತ್ತದೆ. ಲಾರಿ ಮಾಲೀಕ ಬ್ರೋಕರ್ ಆಫೀಸಿನಲ್ಲಿ, ಗ್ಯಾರೇಜಿನಲ್ಲಿ, ಪೆಟ್ರೋಲ್ ಪಂಪಿನಲ್ಲಿ ವಿಚಾರಿಸುವುದು ಈ ಮಾತನ್ನೇ. ಹಳೆಯ ಉಸ್ತಾದ ಒಬ್ಬನೇ ಹೇಳುತ್ತಿದ್ದುದನ್ನು ಈಗ ಹತ್ತು ಮಂದಿಯಿಂದ ಹೇಳಿಸಿಕೊಳ್ಳಬೇಕು, ಅಷ್ಟೇ ವ್ಯತ್ಯಾಸ.

ಆದರೆ ಎಲ್ಲವನ್ನೂ ಹುಡುಗನ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಬಿಕರ್ನಕಟ್ಟೆಯಿಂದ ಕುಲಶೇಖರ ಹಾದು ಸಾಣೂರಿನವರೆಗೆ ಹೆದ್ದಾರಿಯನ್ನು ಚತುಷ್ಪಥ ಮಾಡಲು ಸರಕಾರ ಕೋಟಿಗಟ್ಟಲೆ ಖರ್ಚು ಮಾಡುತ್ತದೆ. 2025ರ ಅಕ್ಟೋಬರ್‌ನಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಇರಬೇಕೆಂದು ನಿಯಮ ಮಾಡಲಾಗಿದೆ. ರಸ್ತೆ ಅಗಲವಾಯಿತು, ಕ್ಯಾಬಿನ್ ತಂಪಾಯಿತು. ಆ ಕ್ಯಾಬಿನ್ನಿನಲ್ಲಿ ಹೊಸಬ ಕುಳಿತು ಕಲಿಯುವ ಎರಡನೇ ಸೀಟಿನ ಬಗ್ಗೆ ಮಾತ್ರ ಯಾರೂ ಯೋಚಿಸಿಲ್ಲ. ಬಂದರು, ಶುದ್ಧೀಕರಣಾಗಾರ, ಹಾಲಿನ ಡೇರಿ, ಸಿಮೆಂಟು, ಗೊಬ್ಬರದ ಕಂಪನಿ ಹೀಗೆ ಲಾರಿಯನ್ನೇ ನಂಬಿದ ದೊಡ್ಡ ಸಂಸ್ಥೆಗಳಿಗೆ ಮಂಗಳೂರಿನಲ್ಲಿ ಕೊರತೆಯಿಲ್ಲ. ತಮ್ಮ ಸಾಗಾಟದ ಗುತ್ತಿಗೆಯಲ್ಲಿ ಇಂತಿಷ್ಟು ಲಾರಿಗೆ ಒಬ್ಬ ಸಂಬಳದ ಕಲಿಕೆಗಾರ ಇರಲೇಬೇಕೆಂದು ಇವರು ಒಂದು ಷರತ್ತು ಹಾಕಿದರೆ ಸಾಕು. ಸಣ್ಣ ಮಾಲೀಕನ ಮೇಲೆ ಭಾರ ಬೀಳದಂತೆ ಅದರ ಖರ್ಚನ್ನು ಬಾಡಿಗೆಯಲ್ಲೇ ಸೇರಿಸಿಕೊಳ್ಳಬಹುದು. ಇಲ್ಲವಾದರೆ ಇಂದಿನ ಅನುಭವಿ ಡ್ರೈವರುಗಳು ಕೆಲಸ ಬಿಟ್ಟು ಇಳಿದ ದಿನ ಆ ಸೀಟಿಗೆ ಯಾರನ್ನು ಕೂರಿಸುವುದೆಂಬ ಪ್ರಶ್ನೆಗೆ ಮಾಲೀಕರ ಬಳಿಯೂ ಉತ್ತರ ಇರಲಾರದು.